ಹೆಸ್ಟರಳ ಕಾಗುಣಿತ

"ಇಲ್ಲಿ ತಪ್ಪಾಗಿದೆ ನೋಡು," ಎಂದು ಮಿಸ್ ಒಡೆಸ್ಸಾ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟರು. "ಸ್ಕೂಲ್ ಅನ್ನೋದಕ್ಕೆ ಕೆ ಹಾಕಿದ್ದೀಯ."

"ನಾನು ಹಾಕಿದ್ದಲ್ಲ ಮಿಸ್ ಒಡೆಸ್ಸಾ. ಹೆಸ್ಟರ್ ಹಾಗೇ ಬರೆದಿದ್ದಾರೆ."

"ಬರೆದಿರಬಹುದು. ಅವಳಿಗೆ ಆಗ ಹದಿನೈದು ವರ್ಷ. ನಿನಗೆ ಮೂವತ್ತೆರಡು. ಸರಿ ಮಾಡು."

ನೀಲಗಂಗಾ ಕೀಲಿಮಣೆಯ ಮೇಲೆ ಕೈಯಿಟ್ಟಳು. ಸರಿ ಮಾಡಬೇಕಾದರೆ ಎರಡು ಅಕ್ಷರ ಒತ್ತಿದರೆ ಮುಗಿಯಿತು. ಆದರೆ ಹಿಂದಿನ ಗುರುವಾರ ಇದೇ ಕುರ್ಚಿಯ ಪಕ್ಕದಲ್ಲಿ ನಿಂತು ಡಾಕ್ಟರ್ ಕೋಲ್ಮನ್ ಇದೇ ಪದವನ್ನು ತೋರಿಸಿ, "ಒಂದಕ್ಷರವನ್ನೂ ಮುಟ್ಟಬೇಡಿ" ಎಂದು ಹೇಳಿ ಹೋಗಿದ್ದ. ಆಗ ಅವಳು "ಆಗಲಿ" ಎಂದಿದ್ದಳು. ಈಗಲೂ "ಆಗಲಿ" ಎಂದಳು.

ಅದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ನೀಲಗಂಗಾ ಇದ್ದ ಕ್ಯಾರಿಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಮಿಲ್‌ಬ್ರಾಂಚ್ ಎಂಬ ಊರಿನ ಚರ್ಚು. ಕರಿಯರ ಚರ್ಚು. ಅದರ ನೆಲಮಾಳಿಗೆಯಲ್ಲಿ ಮಡಿಸಿಟ್ಟ ಕುರ್ಚಿಗಳು, ಹಳೆಯ ಹಾಡಿನ ಪುಸ್ತಕಗಳು, ಸದಾ ಬಿಸಿಯಾಗಿಯೇ ಇರುವ ಕಾಫಿಯ ಪಾತ್ರೆ, ಯಾರೋ ದಾನ ಕೊಟ್ಟ ಒಂದು ಕಂಪ್ಯೂಟರು. ಬರುವ ನವೆಂಬರಿಗೆ ಚರ್ಚಿಗೆ ನೂರಿಪ್ಪತ್ತೈದು ವರ್ಷ ತುಂಬುತ್ತಿತ್ತು. ಚರ್ಚಿಗಿಂತ ಒಂದೆರಡು ವರ್ಷ ಮೊದಲೇ ಅದೇ ಜಾಗದಲ್ಲಿ ಹಲಗೆಯ ಗೋಡೆಯ ಒಂದು ಶಾಲೆಯಿತ್ತು. ಅಮೆರಿಕದ ಅಂತರ್ಯುದ್ಧ ಮುಗಿದು, ಗುಲಾಮರಾಗಿದ್ದವರಿಗೆ ಬಿಡುಗಡೆಯಾದ ಮೇಲೆ, ಅವರಿಗೆ ಓದು ಬರಹ ಕಲಿಸಲು ಉತ್ತರದ ಊರುಗಳಿಂದ ಬಿಳಿಯ ಹೆಣ್ಣುಮಕ್ಕಳು ಬಂದಿದ್ದರಂತೆ. ಈ ಶಾಲೆಗೆ ಬಂದವಳು ಮ್ಯಾಸಚೂಸೆಟ್ಸಿನ ಲೂಯಿಸಾ ಥೇಯರ್. ಎರಡು ಚಳಿಗಾಲ ಕಲಿಸಿ, ಜ್ವರ ಹಿಡಿದು, ಊರಿಗೆ ಹಿಂತಿರುಗಿದಳು. ಅವಳ ಹತ್ತಿರ ಕಲಿತ ಹೆಸ್ಟರ್ ಎಂಬ ಹುಡುಗಿ ಅವಳಿಗೆ ನಾಲ್ಕು ವರ್ಷ ಪತ್ರ ಬರೆದಳು. ಆ ಹನ್ನೊಂದು ಪತ್ರಗಳ ಜೆರಾಕ್ಸ್ ಪ್ರತಿಗಳನ್ನು ಓದಿ, ಟೈಪ್ ಮಾಡಿ, ಉತ್ಸವದ ಹೊತ್ತಿಗೆ ಗೋಡೆಗೆ ಅಂಟಿಸಿ, ಪುಟ್ಟ ಪುಸ್ತಕವನ್ನಾಗಿಯೂ ಮಾಡುವ ಕೆಲಸ ನೀಲಗಂಗಾಳ ಪಾಲಿಗೆ ಬಂದಿತ್ತು.

ಹೆಸ್ಟರ್ ಮಿಸ್ ಒಡೆಸ್ಸಾರ ಮುತ್ತಜ್ಜಿ. ಮಿಸ್ ಒಡೆಸ್ಸಾರಿಗೆ ಈಗ ಎಪ್ಪತ್ತನಾಲ್ಕು. ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳಿಯೇ ನಿವೃತ್ತರಾದವರು. ಊರಿನ ಮೇಯರನಿಂದ ಹಿಡಿದು ಪೆಟ್ರೋಲ್ ಬಂಕಿನವನವರೆಗೆ ಎಲ್ಲರಿಗೂ ಕಾಗುಣಿತ ಕಲಿಸಿದವರು. ಗಂಡ ಸತ್ತು ಇಪ್ಪತ್ತು ವರ್ಷವಾದರೂ, ಮೊಮ್ಮಕ್ಕಳಿದ್ದರೂ, ಊರೆಲ್ಲ ಅವರನ್ನು ಮಿಸ್ ಒಡೆಸ್ಸಾ ಎಂದೇ ಕರೆಯುತ್ತಿತ್ತು. ನೀಲಗಂಗಾಳಿಗೆ ಅದು ಮೊದಲು ವಿಚಿತ್ರವೆನಿಸಿ, ಆಮೇಲೆ ಊರಿನ ಕಡೆ ಹಿರಿಯ ಹೆಂಗಸರ ಹೆಸರಿಗೆಲ್ಲ ಅಕ್ಕ ಸೇರಿಸುವುದು ನೆನಪಾಗಿ, ಸರಾಗವಾಯಿತು. ಸರಾಗವಾಗದಿದ್ದುದು ಹೆಸ್ಟರಳ ವಿಷಯ. ಪತ್ರ ಓದುವಾಗ ಹದಿನೈದರ ಹುಡುಗಿ, ಅವಳು. ಮಿಸ್ ಒಡೆಸ್ಸಾರ ಮುಂದೆ ಮಾತಾಡುವಾಗ ಮುತ್ತಜ್ಜಿ, ಅವರು. ಇಂಗ್ಲಿಷಿನಲ್ಲಿ ಈ ತೊಡಕಿರಲಿಲ್ಲ. ಮನಸ್ಸಿನೊಳಗೆ ಮಾತ್ರ ಅವಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟುವಾಗ ಎಡವುತ್ತಿದ್ದಳು.

ನೀಲಗಂಗಾ ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಬ್ರಿಟಿಷ್ ಕಲೆಕ್ಟರುಗಳ ಕೈಬರಹವನ್ನು ತಿಂಗಳುಗಟ್ಟಲೆ ಕೂತು ಓದಿ ಪ್ರಬಂಧ ಬರೆದಿದ್ದಳು. ಗದಗಿನ ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿದ್ದಳು. ಮದುವೆಯಾಗಿ ಬಸಲಿಂಗಪ್ಪನ ಜೊತೆ ಅಮೆರಿಕಕ್ಕೆ ಬಂದ ಮೇಲೆ ಅವಳದು ಗಂಡನ ವೀಸಾಕ್ಕೆ ಜೋತುಬಿದ್ದ ವೀಸಾ. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಕ್ಯಾರಿಯ ಲೈಬ್ರರಿಯಲ್ಲಿ ಒಂದು ದಿನ, ಹಳೆಯ ಕೈಬರಹ ಓದಬಲ್ಲವರು ಬೇಕಾಗಿದ್ದಾರೆ ಎಂಬ ಚೀಟಿ ಕಂಡು ಅವಳು ಫೋನ್ ಮಾಡಿದ್ದಳು. ಹುಡುಕಿಕೊಂಡು ಬಂದವಳು ಸೀರೆಯುಟ್ಟ ಹೆಂಗಸೆಂದು ಕಂಡಾಗ ಮಿಸ್ ಒಡೆಸ್ಸಾ ಒಂದು ಗಳಿಗೆ ಬಾಗಿಲಲ್ಲೇ ನಿಂತು, "ಒಳಗೆ ಬಾ ಮಗಳೇ, ಕಾಫಿ ಇದೆ," ಎಂದಿದ್ದರು.

ಡಾಕ್ಟರ್ ಕೋಲ್ಮನ್ ಅಟ್ಲಾಂಟಾದವನು. ಅವನೂ ಕರಿಯ. ಹತ್ತಿರದ ಡರ್ಹಮ್ಮಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ. ಪುಸ್ತಕಕ್ಕೆ ಮುನ್ನುಡಿ ಬರೆಯುವವನು ಅವನೇ. ನೀಲಗಂಗಾಳ ಕೆಲಸ ನೋಡಿ, "ನೀವು ನಮ್ಮ ಡಿಪಾರ್ಟ್‌ಮೆಂಟಿಗೆ ಅಪ್ಲೈ ಮಾಡಬೇಕು. ಸ್ಟೂಡೆಂಟ್ ವೀಸಾ ಸಿಗುತ್ತೆ, ಅಸಿಸ್ಟೆಂಟ್‌ಶಿಪ್ಪೂ ಇರುತ್ತೆ. ನಾನು ಶಿಫಾರಸು ಬರೀತೀನಿ. ಪುಸ್ತಕದ ಮೇಲೆ ನಿಮ್ಮ ಹೆಸರಿದ್ದರೆ ನನಗೂ ಹೇಳೋದು ಸುಲಭ," ಎಂದಿದ್ದ. ಅಂದು ಮನೆಗೆ ಹೋಗುವಾಗ ಅವಳು ಎರಡು ಸಲ ತಪ್ಪು ದಾರಿ ಹಿಡಿದಿದ್ದಳು.

ಹೆಸ್ಟರ್ ತನ್ನ ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದಳು. ಮೊದಲ ಪತ್ರದ ಸಾರಾಂಶ ಹೀಗಿತ್ತು: ಪ್ರೀತಿಯ ಟೀಚರ್, ನೀವು ಹೋದ ಮೇಲೆ ಯಾರೋ ಸ್ಕೂಲಿನ ಕಿಟಕಿ ಒಡೆದರು. ಅದಕ್ಕೆ ಹಲಗೆ ಹೊಡೆದಿದ್ದೇವೆ, ಬಾಗಿಲು ತೆಗೆದಿಟ್ಟು ಆ ಬೆಳಕಿನಲ್ಲಿ ಓದುತ್ತೇವೆ. ಈ ಕಾಗದದಲ್ಲಿ ತಪ್ಪಿದ್ದರೆ ಗುರುತು ಹಾಕಿ ತಿರುಗಿ ಕಳಿಸಿ. ಇಲ್ಲಿ ತಿದ್ದುವವರು ಯಾರೂ ಇಲ್ಲ.

ಟೀಚರ್ ಉತ್ತರ ಬರೆಯುತ್ತಿದ್ದಿರಬೇಕು. ಕಳಿಸಿದ ಸ್ಲೇಟುಗಳು ಬಂದವು, ಪುಸ್ತಕಗಳು ಬಂದವು ಎಂದು ಹೆಸ್ಟರ್ ನೆನೆಯುತ್ತಾಳೆ. ಆದರೆ ಏಳನೇ ಪತ್ರದಲ್ಲಿ ಹೀಗಿತ್ತು: ನನ್ನ ಕಾಗದ ಒಂದೂ ತಿರುಗಿ ಬರಲಿಲ್ಲ. ಹಾಗಾದರೆ ಈಗ ನನ್ನಲ್ಲಿ ತಪ್ಪಿಲ್ಲ ಅಂದುಕೊಂಡಿದ್ದೇನೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಕಲಿಸಲು ಒಪ್ಪಿಕೊಂಡೆ.

ಆ ಸಾಲಿನಲ್ಲೇ ಐದು ತಪ್ಪುಗಳಿದ್ದವು. ನೀಲಗಂಗಾ ಅದನ್ನು ಮೊದಲ ಸಲ ಓದಿದಾಗ ಎದ್ದು ಹೊರಗೆ ಹೋಗಿ, ಕಾರು ನಿಲ್ಲಿಸುವ ಜಾಗದಲ್ಲಿ ನಿಂತಿದ್ದಳು. ನಗು ಬಂದಿತ್ತು. ನಕ್ಕದ್ದಕ್ಕೆ ನಾಚಿಕೆಯಾಗಿತ್ತು. ಒಳಗೆ ಬಂದು ಅದನ್ನು ಮಿಸ್ ಒಡೆಸ್ಸಾರಿಗೆ ತಪ್ಪುಗಳಿಲ್ಲದ ಹಾಗೆ ಓದಿ ಹೇಳಿದ್ದಳು.

"ಉತ್ಸವಕ್ಕೆ ನಾಲ್ಕು ಜನ ಒಳಗೆ ಬರ್ತಾರೆ," ಎನ್ನುತ್ತಿದ್ದರು ಮಿಸ್ ಒಡೆಸ್ಸಾ. "ಕೆ ಹಾಕಿದ ಸ್ಕೂಲ್ ನೋಡ್ತಾರೆ. ಮುಗುಳ್ನಗ್ತಾರೆ. ಒಳ್ಳೆಯವರೇ ಇರಬಹುದು, ಆದ್ರೂ ನಗ್ತಾರೆ. ಆ ನಗು ನನಗೆ ಗೊತ್ತು. ನಮ್ಮ ಮುತ್ತಜ್ಜಿ ಈ ಊರಿನ ಮೊದಲ ಟೀಚರು. ಅವಳನ್ನ ನಗೆಪಾಟಲು ಮಾಡಿ ಪುಸ್ತಕ ಹಾಕೋದಾದ್ರೆ ಪುಸ್ತಕಾನೇ ಬೇಡ."

ಅವರು ಹಾಗೆನ್ನುವಾಗ ನೀಲಗಂಗಾಳಿಗೆ ಅದೇ ಸರಿ ಎನಿಸುತ್ತಿತ್ತು.

"ಆ ಕಾಗುಣಿತವೇ ಅವಳ ದನಿ," ಎನ್ನುತ್ತಿದ್ದ ಕೋಲ್ಮನ್. "ಓದು ಕಲಿತರೆ ಚಾಟಿಯೇಟು ಬೀಳುತ್ತಿದ್ದ ಕಾಲದಲ್ಲಿ ಹುಟ್ಟಿದವಳು ಅವಳು. ಅಂಥವಳು ಬರೆದದ್ದನ್ನ ನೂರಿಪ್ಪತ್ತೈದು ವರ್ಷದ ಮೇಲೆ ನಾವು ತಿದ್ದೋದಾ? ಯಾರ ಕಣ್ಣಿಗೆ ಚೆಂದ ಕಾಣಲಿ ಅಂತ?"

ಅವನು ಹಾಗೆನ್ನುವಾಗ ಅದೂ ಸರಿ ಎನಿಸುತ್ತಿತ್ತು.

ಕೊನೆಗೆ ಅವಳು ಎರಡು ಫ್ಲಾಪಿ ಮಾಡಿದಳು. ಒಂದರಲ್ಲಿ ಇದ್ದದ್ದು ಇದ್ದ ಹಾಗೆ, ಇನ್ನೊಂದರಲ್ಲಿ ತಿದ್ದಿದ್ದು. ಇಬ್ಬರಿಗೂ "ನೀವು ಹೇಳಿದ ಹಾಗೇ ಆಗ್ತಿದೆ," ಎಂದಳು. ಒಂದೇ ಒಂದು ಪದದ ವಿಷಯದಲ್ಲಿ ಎರಡು ಫ್ಲಾಪಿಗಳೂ ಒಂದಾಗಿದ್ದವು. ಎಂಟನೇ ಪತ್ರದಲ್ಲಿ, "ಅವ್ವ ನಿಮಗೋಸ್ಕರ ಇದನ್ನು ಮಾಡಿದ್ದಾಳೆ" ಎಂಬಲ್ಲಿ, ಜೆರಾಕ್ಸಿನಲ್ಲಿ ಮೊದಲ ಅಕ್ಷರ ಅಳಿಸಿಹೋದ ಒಂದು ಪದ. ಉಳಿದದ್ದು "ಐವರ್" ಎಂಬಂತೆ ಕಾಣುತ್ತಿತ್ತು. ರಿವರ್ ಇರಬೇಕು, ನದಿ, ಎಂದು ಊಹಿಸಿ ಅವಳು ಹಾಗೇ ಹಾಕಿದ್ದಳು. ಅವ್ವ ನದಿ ಮಾಡುವುದು ಹೇಗೆಂದು ಅವಳಿಗೂ ತಿಳಿದಿರಲಿಲ್ಲ. ಕೋಲ್ಮನ್ನನಿಗೆ ಅದು ಬಹಳ ಹಿಡಿಸಿ, ಮುನ್ನುಡಿಯಲ್ಲಿ ಒಂದು ಪುಟ ನದಿಯ ಬಗ್ಗೆಯೇ ಬರೆದಿದ್ದ. ಚೆನ್ನಾಗಿಯೂ ಬರೆದಿದ್ದ.

"ಪ್ರೊಫೆಸರ ಹೇಳಿದಂಗ ಮಾಡು," ಎಂದ ಬಸಲಿಂಗಪ್ಪ, ರಾತ್ರಿ ಊಟಕ್ಕೆ ಕುಳಿತಾಗ. ಜೋಳದ ಹಿಟ್ಟು ಸಿಗದ್ದರಿಂದ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಿದ ರೊಟ್ಟಿ ಅವನ ಕೈಯಲ್ಲಿ ಮುರಿದು ಮುರಿದು ಬೀಳುತ್ತಿತ್ತು. "ಆ ಮುದುಕಿ ನಿನಗ ಅಡ್ಮಿಶನ್ ಕೊಡಸ್ತಾಳೇನು?"

"ಅಕಿ ಮುತ್ತಜ್ಜಿ ಪತ್ರ ರೀ ಅವು. ನಮ್ಮವಲ್ಲ, ಪ್ರೊಫೆಸರಂದೂ ಅಲ್ಲ."

"ಅದೂ ಖರೇನ." ಅವನು ಎರಡು ತುತ್ತು ಉಂಡು ಮತ್ತೆ ತಲೆಯೆತ್ತಿದ. "ನಮ್ಮವ್ವ ಆಶೀರ್ವಾದ ಅಂತ ಬರಿಯಾಕ ಆಸಿರವಾದ ಅಂತಾಳ ನೋಡು. ಅದನ್ನ ಯಾರರ ಹಂಗ ಛಾಪಿಸಿ ಹಂಚಿದ್ರ ನಾ ಅವನ ಕಪಾಳಕ್ಕ ಬಾರಸ್ತಿದ್ದೆ."

"ಹಂಗಾರ ಈಗ ನಾ ಏನ ಮಾಡ್ಲಿ?"

"ನನ್ನ ಏನ ಕೇಳತಿ ಮಾರಾಯ್ತಿ? ನಾ ಇಂಜಿನಿಯರ್."

ಅದೇ ವಾರ ಪಕ್ಕದ ರಾಲಿ ನಗರದ ಶಾಲೆಯೊಂದರ ಹಾಲಿನಲ್ಲಿ ಕನ್ನಡ ಸಂಘದವರ ರಾಜ್ಯೋತ್ಸವದ ತಯಾರಿ ನಡೆದಿತ್ತು. ನಾಟಕದ ಉಸ್ತುವಾರಿ ಬೆಂಗಳೂರಿನ ಶೈಲಜಾಳದು. ನೀಲಗಂಗಾ ಬಂದವಳೇ "ಹ್ವಾದ ಸಲ ಚಾದಾಗ ಸಕ್ಕರಿ ಭಾಳ ಆಗಿತ್ತು, ಈ ಸಲ ನಾ ಮಾಡತೇನಿ," ಎಂದಿದ್ದೇ, ಶೈಲಜಾ ಚಪ್ಪಾಳೆ ತಟ್ಟಿಬಿಟ್ಟಳು.

"ಅಯ್ಯೋ, ಇನ್ನೊಂದ್ಸಲ ಹೇಳಿ ನೀಲಾ! ಎಷ್ಟು ಸ್ವೀಟಾಗಿದೆ ರೀ ನಿಮ್ಮ ಕನ್ನಡ! ನೀವು ನಮ್ಮ ನಾಟಕದಲ್ಲಿ ಆ ಕೆಲಸದವಳ ರೋಲ್ ಮಾಡ್ಬೇಕು, ಪ್ಲೀಸ್. ಆಕ್ಟಿಂಗೇ ಬೇಡ, ನೀವು ಮಾತಾಡಿದ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಾರೆ."

ಎಲ್ಲರೂ ನಕ್ಕರು. ನೀಲಗಂಗಾಳೂ ನಕ್ಕು, ಅವರಿಗಾಗಿ ಆ ಮಾತನ್ನು ಮತ್ತೊಮ್ಮೆ, ಮೊದಲಿಗಿಂತ ಎಳೆದೆಳೆದು ಹೇಳಿದಳು. ಶೈಲಜಾ ಕೆಟ್ಟವಳಲ್ಲ. ನೀಲಗಂಗಾಳಿಗೆ ಕಾರು ಕಲಿಸಿದವಳೇ ಅವಳು. ಮನೆಗೆ ಹೋಗುವಾಗ, ಪಾತ್ರಕ್ಕೆ ಒಪ್ಪಿಕೊಂಡದ್ದು ಖುಷಿಯಿಂದಲೋ ಸಂಕೋಚದಿಂದಲೋ ಎಂದು ನೀಲಗಂಗಾ ಬಹಳ ಹೊತ್ತು ಯೋಚಿಸಿದಳು. ಜನ ನಕ್ಕಾಗ ಅವಳಿಗೆ ಹಿತವೂ ಆಗಿತ್ತು. ಅದೇ ಅವಳಿಗೆ ಅರ್ಥವಾಗದ ಮಾತು.

ಅಕ್ಟೋಬರಿನ ಕೊನೆಯಲ್ಲಿ ವಾಷಿಂಗ್ಟನ್ನಿನಿಂದ ಮಿಸೆಸ್ ಆಲ್ಡನ್ ಎಂಬಾಕೆಯ ಫೋನ್ ಬಂತು. ಲೂಯಿಸಾ ಥೇಯರಳ ತಮ್ಮನ ಮೊಮ್ಮಗಳು. ಜೆರಾಕ್ಸ್ ಕಳಿಸಿದವರೂ ಅವರೇ. ಮೂಲ ಪತ್ರಗಳನ್ನು ಚರ್ಚಿಗೇ ಕೊಡುವುದಾಗಿ ಹೇಳಿದ್ದರು. ಆದರೆ ಅಂಚೆಯಲ್ಲಿ ಕಳಿಸಲು ಧೈರ್ಯವಿಲ್ಲ, ಯಾರಾದರೂ ಬಂದು ಕೈಯಾರೆ ತೆಗೆದುಕೊಳ್ಳಬೇಕು ಎಂದರು. ಮಿಸ್ ಒಡೆಸ್ಸಾರಿಗೆ ಕಣ್ಣಿನ ಪೊರೆ, ದೊಡ್ಡ ರಸ್ತೆಯಲ್ಲಿ ಕಾರು ನಡೆಸುವಂತಿರಲಿಲ್ಲ. ನೀಲಗಂಗಾ ರಾಲಿಯ ಆಚೆಗೆ ಕಾರು ತೆಗೆದುಕೊಂಡು ಹೋದವಳೇ ಅಲ್ಲ.

"ಲಾರಿ ಹಿಂದ ಹೋಗಬ್ಯಾಡ. ಲಾರಿ ಮುಂದೂ ಹೋಗಬ್ಯಾಡ," ಎಂದು ಬಸಲಿಂಗಪ್ಪ ಬೆಳಿಗ್ಗೆ ಟೈರು ಒದ್ದು ನೋಡುತ್ತ ಹೇಳಿದ.

ಐದು ಗಂಟೆಯ ದಾರಿ. ಮಿಸ್ ಒಡೆಸ್ಸಾ ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು, ಮಡಿಲಲ್ಲಿ ಹುರಿದ ಕೋಳಿಯ ಡಬ್ಬಿಯನ್ನೂ ನೀಲಗಂಗಾಳಿಗಾಗಿ ಬೇಯಿಸಿದ ಗೆಣಸನ್ನೂ ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ಎಳವೆಯಲ್ಲಿ ಇದೇ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗುತ್ತಿದ್ದುದನ್ನು, ಯಾವ ಊರಿನಲ್ಲಿ ತಮ್ಮಂಥವರು ಇಳಿದು ನೀರು ಕುಡಿಯಬಹುದಿತ್ತು, ಯಾವ ಊರಿನಲ್ಲಿ ಇಳಿಯುವಂತಿರಲಿಲ್ಲ ಎಂಬುದನ್ನು, ರಸ್ತೆಯ ಫಲಕಗಳು ಬಂದ ಹಾಗೆ ಹೇಳುತ್ತ ಹೋದರು. ನೀಲಗಂಗಾ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೇಳುತ್ತಿದ್ದಳು. ಫ್ಲಾಪಿಗಳ ವಿಷಯ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಒಂದು ಲಾರಿ ಬರುತ್ತಿತ್ತು.

ಮಿಸೆಸ್ ಆಲ್ಡನ್‌ರದು ಕನೆಕ್ಟಿಕಟ್ ಅವೆನ್ಯೂದ ಹಳೆಯ ಕಟ್ಟಡವೊಂದರಲ್ಲಿ ನಾಲ್ಕನೇ ಮಹಡಿಯ ಮನೆ. ತೆಳ್ಳಗಿನ, ಉದ್ದನೆಯ, ಎಂಬತ್ತು ದಾಟಿದ ಬಿಳಿಯ ಹೆಂಗಸು. ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಚಹಾ ಕೊಟ್ಟರು. ಎಲ್ಲರೂ ಹವೆಯ ಬಗ್ಗೆ ಮಾತಾಡಿದರು. ಆಮೇಲೆ ಅಂಗಡಿಯಲ್ಲಿ ಅಂಗಿ ಇಟ್ಟುಕೊಡುವಂಥ ಒಂದು ರಟ್ಟಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟರು.

ಮೇಲಿನ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನೀಲಗಂಗಾಳಿಗೆ ಮೊದಲು ಏನು ಕಾಣುತ್ತಿದೆ ಎಂದೇ ತಿಳಿಯಲಿಲ್ಲ. ಹೆಸ್ಟರಳ ಕಂದು ಮಸಿಯ ಸಾಲುಗಳ ನಡುವೆ, ತೀರ ತೆಳುವಾದ ಬೂದು ಬಣ್ಣದ ಇನ್ನೊಂದು ಬರಹವಿತ್ತು. ಸೀಸದ ಕಡ್ಡಿಯದು. ಕೆ ಇರುವ ಸ್ಕೂಲಿನ ಮೇಲೆ ಸರಿಯಾದ ಸ್ಕೂಲು. ಪ್ರತಿ ಸಾಲಿನ ಮೇಲೂ, ಪ್ರತಿ ಪತ್ರದ ಮೇಲೂ. ಜೆರಾಕ್ಸ್ ಯಂತ್ರಕ್ಕೆ ಅದು ಕಂಡೇ ಇರಲಿಲ್ಲ.

"ತಿದ್ದಿದ್ದಾಳೆ," ಎಂದಳು ನೀಲಗಂಗಾ. "ಮಿಸ್ ಒಡೆಸ್ಸಾ, ಟೀಚರ್ ಎಲ್ಲವನ್ನೂ ತಿದ್ದಿದ್ದಾಳೆ."

ಮಿಸ್ ಒಡೆಸ್ಸಾ ಪತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಒಂದಾದ ಮೇಲೊಂದು ನೋಡಿದರು. ಅವರು ಕೇಳಿದ್ದೂ ಇದನ್ನೇ ಅಲ್ಲವೇ, ಸರಿಮಾಡಿದ ಪತ್ರಗಳನ್ನು? ಆದರೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ.

"ತಿದ್ದಿದ ಮೇಲೆ ಯಾಕೆ ಕಳಿಸಲಿಲ್ಲ?" ಎಂದು ಕೇಳಿದರು.

ಮಿಸೆಸ್ ಆಲ್ಡನ್ ಕೈ ಹಿಸುಕಿಕೊಂಡರು. "ನನಗೆ ಗೊತ್ತಿಲ್ಲ. ನಾನು ನೋಡುವಾಗ ಲೂಯಿಸಾ ಅಜ್ಜಿಗೆ ಬಹಳ ವಯಸ್ಸಾಗಿತ್ತು. ನನಗೆ ಅವರ ಕೆಮ್ಮು ಮಾತ್ರ ನೆನಪಿದೆ. ಈ ಡಬ್ಬಿ ಅವರ ಮಂಚದ ಪಕ್ಕದಲ್ಲೇ ಇರುತ್ತಿತ್ತು."

"ಹೆಸ್ಟರ್ ಕಾದಳು," ಎಂದರು ಮಿಸ್ ಒಡೆಸ್ಸಾ.

"ಕಳಿಸಿದರೆ ಆ ಹುಡುಗಿ ಬರೆಯೋದನ್ನ ನಿಲ್ಲಿಸಬಹುದು ಅಂತ ಹೆದರಿದರೋ ಏನೋ. ಅಥವಾ ಬರೀ ಸೋಮಾರಿತನವೂ ಇರಬಹುದು. ನಾನು ಅವರ ಪರವಾಗಿ ಏನು ಹೇಳಲಿ?"

ಕೆಳಗೆ ಬಸ್ಸೊಂದು ನಿಂತು ಹೊರಟಿತು. ಕಡೆಗೆ ಮಿಸೆಸ್ ಆಲ್ಡನ್, ತಾನು ಇವನ್ನು ಎಂದೂ ಪೂರ್ತಿ ಓದಿಲ್ಲ, ಆ ಬರಹ ತನಗೆ ಹತ್ತುವುದೇ ಇಲ್ಲ, ಯಾರಾದರೂ ಒಂದು ಪತ್ರ ಓದಿ ಹೇಳಬಹುದೇ ಎಂದು ಕೇಳಿದರು. ಓದಬಲ್ಲವಳು ನೀಲಗಂಗಾ ಒಬ್ಬಳೇ. ಕೈಗೆ ಸಿಕ್ಕಿದ್ದು ಎಂಟನೆಯದು.

ಟೀಚರಳ ತಿದ್ದುಪಡಿಯನ್ನು ಓದಬೇಕೋ ಹೆಸ್ಟರಳ ಬರಹವನ್ನು ಓದಬೇಕೋ ಎಂದು ಅವಳು ಒಂದು ಗಳಿಗೆ ತಡೆದಳು. ಆಮೇಲೆ ಕಂದು ಮಸಿಯ ಸಾಲಿನ ಮೇಲೆ ಬೆರಳಿಟ್ಟು, ಚಿಕ್ಕವಳಿದ್ದಾಗ ಕನ್ನಡ ಓದುತ್ತಿದ್ದ ಹಾಗೆ, ಬರೆದದ್ದನ್ನು ಬರೆದ ಹಾಗೇ, ಯಾವ ಅಕ್ಷರವನ್ನೂ ನುಂಗದೆ ಓದಿದಳು. ಲರ್ನ್ ಎನ್ನುವ ಕಡೆ ಹೆಸ್ಟರ್ ಬರೆದದ್ದು ಲಾರ್ನ್, ಅವಳು ಲಾರ್ನ್ ಎಂದಳು. ಚಿಲ್ಡ್ರನ್ ಇರಬೇಕಾದ ಕಡೆ ಚಿಲ್ಲನ್ ಎಂದಳು. ಗೆಟ್ ಎನ್ನುವುದನ್ನು ಗಿಟ್ ಎಂದಳು. ಟ, ಡಗಳು ಅವಳ ಬಾಯಲ್ಲಿ ಧಾರವಾಡದ ಗಟ್ಟಿ ಟ, ಡಗಳಾಗಿಯೇ ಬಂದವು. ಅರ್ಧ ಪುಟ ಓದುವಷ್ಟರಲ್ಲಿ ಮಿಸ್ ಒಡೆಸ್ಸಾ ತಲೆಯೆತ್ತಿ ಅವಳನ್ನೇ ನೋಡತೊಡಗಿದ್ದರು. ತನ್ನ ಉಚ್ಚಾರಣೆ ಕೇಳಿ ಇವರಿಗೆ ಬೇಸರವಾಯಿತೋ ಏನೋ ಎಂದು ಹೆದರಿ ಅವಳು ಚುರುಕಾಗಿ ಓದಿದಳು. ಆ ಪದ ಬಂತು. ಅಸಲಿನಲ್ಲಿ ಮೊದಲ ಅಕ್ಷರ ಸ್ಪಷ್ಟವಾಗಿತ್ತು. ಅದು ರಿವರ್ ಆಗಿರಲಿಲ್ಲ.

"ಅವ್ವ ನಿಮಗೋಸ್ಕರ ಕಿವರ್ ಮಾಡಿದ್ದಾಳೆ," ಎಂದು ಓದಿ ನಿಲ್ಲಿಸಿದಳು. "ಕಿವರ್. ಇದೇನು ಪದ? ಟೀಚರಿಗೂ ಗೊತ್ತಾಗಿಲ್ಲ. ಇದೊಂದರ ಮೇಲೆ ತಿದ್ದಿಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ."

"ಇನ್ನೊಂದ್ಸಲ ಹೇಳು," ಎಂದರು ಮಿಸ್ ಒಡೆಸ್ಸಾ.

"ಕಿವರ್."

"ಕವರ್." ಅವರು ಆ ಪದದ ಮೇಲೆ ಬೆರಳಿಟ್ಟರು. "ಹೊದಿಕೆ. ಚಿಂದಿ ಬಟ್ಟೆ ಸೇರಿಸಿ ಹೊಲಿಯೋ ಕ್ವಿಲ್ಟು. ನಮ್ಮಜ್ಜಿ ಅದನ್ನ ಕಿವರ್ ಅನ್ನೋಳು. ಮಲಗಿಸುವಾಗ, ಕಿವರ್ ಎಳ್ಕೋ ಒಡೆಸ್ಸಾ, ಅನ್ನೋಳು. ನಾನು ಟೀಚರ್ ಆದ ಮೇಲೆ ಅವಳನ್ನ ಎಷ್ಟು ಸಲ ತಿದ್ದಿದ್ದೀನಿ."

ಕೌದಿ, ಎಂದುಕೊಂಡಳು ನೀಲಗಂಗಾ. ಅವಳ ಮನಸ್ಸಿಗೆ ಬಂದದ್ದು ಅದೊಂದೇ. ಮುಂದಿನ ಸಾಲನ್ನು ಓದಿದಳು: ಅಂಚು ಹೊಲಿಯುವುದೊಂದು ಬಾಕಿ ಇದೆ, ಅದನ್ನು ಯಾವ ದಾರಿಯಲ್ಲಿ ಕಳಿಸಬೇಕು ತಿಳಿಸಿ.

ಆಮೇಲಿನ ಮೂರು ಪತ್ರಗಳಲ್ಲಿ ಅದರ ಸುದ್ದಿಯಿರಲಿಲ್ಲ. ಮಿಸೆಸ್ ಆಲ್ಡನ್ ಮೆಲ್ಲಗೆ, "ನಮ್ಮ ಮನೆಯಲ್ಲಿ ಅಂಥ ಹೊದಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ನೆನಪಿರುತ್ತಿತ್ತು," ಎಂದರು.

ಹೊರಡುವಾಗ ಇಬ್ಬರು ಮುದುಕಿಯರೂ ಕೈ ಹಿಡಿದುಕೊಂಡರು. ಯಾರು ಯಾರಿಗೆ ಸಮಾಧಾನ ಹೇಳುತ್ತಿದ್ದಾರೆ ಎಂದು ನೀಲಗಂಗಾಳಿಗೆ ತಿಳಿಯಲಿಲ್ಲ.

ನದಿ ದಾಟಿದ ಮೇಲೆ ಅವಳು ದಾರಿ ತಪ್ಪಿದಳು. ಒಂದರ ಮೇಲೊಂದು ಸುತ್ತಿಕೊಂಡ ರಸ್ತೆಗಳಲ್ಲಿ ದಕ್ಷಿಣಕ್ಕೆ ಹೋಗುವುದು ಯಾವುದೆಂದು ಹೊಳೆಯದೆ, ಪೆಂಟಗನ್ನಿನ ಕಾರು ನಿಲ್ಲಿಸುವ ಬಯಲಿಗೆ ಹೋಗಿ ಸಿಕ್ಕಿಕೊಂಡಳು. ಸುತ್ತಿ ಬಂದರೆ ಮತ್ತೆ ಅದೇ ಬಯಲು. ಎರಡನೇ ಸಲ ಅಲ್ಲಿಗೇ ಬಂದಾಗ ಅವಳು ಕಾರು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು, ಎರಡು ಫ್ಲಾಪಿಗಳ ಕಥೆಯನ್ನೆಲ್ಲ ಹೇಳಿಬಿಟ್ಟಳು. ಇಬ್ಬರಿಗೂ ಹೌದು ಎಂದದ್ದನ್ನು. ಅಡ್ಮಿಶನ್ನಿನ ಆಸೆಯನ್ನೂ ಬಿಡಲಿಲ್ಲ.

"ಗೊತ್ತು," ಎಂದರು ಮಿಸ್ ಒಡೆಸ್ಸಾ.

"ಗೊತ್ತೇ?"

"ನೀನೇ ಎರಡಕ್ಕೂ ಲೇಬಲ್ ಅಂಟಿಸಿ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ. ದೊಡ್ಡ ದೊಡ್ಡ ಅಕ್ಷರದಲ್ಲಿ. ಮಗಳೇ, ಕಳ್ಳತನ ನಿನಗೆ ಬರೋದಿಲ್ಲ." ಅವರು ನಗಲಿಲ್ಲ. ಮಡಿಲಲ್ಲಿದ್ದ ರಟ್ಟಿನ ಡಬ್ಬಿಯ ಮೇಲೆ ಕೈಯಾಡಿಸಿದರು. "ನಿನಗೆ ಯಾವುದು ಸರಿ ಅನ್ನಿಸುತ್ತೆ?"

ಇಷ್ಟು ತಿಂಗಳಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳಿದರೆ ಹೇಳಲು ಏನಾದರೂ ಇದ್ದೇ ಇರುತ್ತದೆ ಎಂದು ಅವಳು ತಿಳಿದಿದ್ದಳು.

"ನನಗೆ ಗೊತ್ತಿಲ್ಲ ಮಿಸ್ ಒಡೆಸ್ಸಾ."

"ನನಗೂ ಗೊತ್ತಿಲ್ಲ. ಬೆಳಿಗ್ಗೆ ಗೊತ್ತಿತ್ತು." ಅವರು ಕಿಟಕಿಯಾಚೆ ನೋಡಿದರು. "ನಾನೂ ಸಾವಿರ ಮಕ್ಕಳ ಬರಹ ತಿದ್ದಿದ್ದೀನಿ. ಆದ್ರೆ ತಿದ್ದಿದ್ದನ್ನ ಅವರ ಕೈಗೆ ಕೊಟ್ಟಿದ್ದೀನಿ. ಕೊಡದೆ ಇಟ್ಕೊಂಡಿದ್ದಿಲ್ಲ. ಅಂಥದ್ದು ಯಾಕೆ ಮಾಡ್ತಾರೆ ಅಂತ ನನಗೆ ಹತ್ತೋದೇ ಇಲ್ಲ."

ಸಮವಸ್ತ್ರದ ಕಾವಲುಗಾರನೊಬ್ಬ ಬಂದು ಗಾಜು ತಟ್ಟಿ, ಇಲ್ಲಿ ನಿಲ್ಲುವಂತಿಲ್ಲ ಎಂದು ಹೇಳಿ, ದಾರಿ ತೋರಿಸಿದ. ನಾರ್ತ್ ಕ್ಯಾರೊಲಿನಾದ ಗಡಿ ದಾಟಿದರೂ ಕೋಳಿ, ಗೆಣಸು ಎರಡೂ ಡಬ್ಬಿಯಲ್ಲೇ ಉಳಿದವು.

ಮುಂದಿನ ಗುರುವಾರ ನೆಲಮಾಳಿಗೆಯಲ್ಲಿ ಮಿಸ್ ಒಡೆಸ್ಸಾ ತಮ್ಮ ತೀರ್ಮಾನ ಹೇಳಿದರು. ಪುಸ್ತಕ ಬೇಡ. ಟೈಪ್ ಮಾಡಿದ ಹಾಳೆಗಳನ್ನು ಗೋಡೆಗೆ ಅಂಟಿಸುವುದೂ ಬೇಡ. ಹನ್ನೊಂದು ಪತ್ರಗಳನ್ನೂ ಗಾಜಿನ ಕೆಳಗೆ ಇದ್ದ ಹಾಗೇ ಇಡುವುದು.

"ಅದು ಓದೋಕೆ ಆಗಲ್ಲ ಮಿಸ್ ಒಡೆಸ್ಸಾ," ಎಂದ ಕೋಲ್ಮನ್. "ಬರಹ ಕಷ್ಟ, ಮಸಿ ಮಾಸಿದೆ, ಮೇಲೆ ಪೆನ್ಸಿಲ್ ಬೇರೆ. ಜನ ಎರಡು ಸಾಲು ನೋಡಿ ಮುಂದೆ ಹೋಗ್ತಾರೆ."

"ಹೋಗೋರು ಹೋಗಲಿ."

ಅವನು ನೀಲಗಂಗಾಳ ಕಡೆ ನೋಡಿದ, ತನ್ನ ಪರವಾಗಿ ಏನಾದರೂ ಹೇಳುತ್ತಾಳೆಂದು. ನೀಲಗಂಗಾಳಿಗೆ ಕೋಲ್ಮನ್ನನ ಮೇಲಲ್ಲ, ಮೊದಲ ಬಾರಿಗೆ ಮಿಸ್ ಒಡೆಸ್ಸಾರ ಮೇಲೆ ಸಿಟ್ಟು ಬಂದಿತ್ತು.

"ನಾನು ಮೂರು ತಿಂಗಳು ಕೂತು ಮಾಡಿದ್ದೀನಿ," ಎಂದಳು. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಎರಡೆರಡು ಸಲ ಮಾಡಿದ್ದೀನಿ."

"ಗೊತ್ತು ಮಗಳೇ. ಉತ್ಸವದ ದಿನ ನೀನು ಮೇಲೆ ಚರ್ಚಿನಲ್ಲಿ ನಿಂತು ಓದು. ಅವತ್ತು ಓದಿದ ಹಾಗೆ. ನಿನ್ನ ಹೆಸರು ಕಾರ್ಯಕ್ರಮದ ಹಾಳೆಯಲ್ಲಿ ಹಾಕಿಸ್ತೀನಿ."

ಅದು ಸಣ್ಣ ಮಾತಾಗಿರಲಿಲ್ಲ. ಇಡೀ ಚರ್ಚಿನ ಮುಂದೆ, ಹೆಸ್ಟರಳ ಮೊಮ್ಮಕ್ಕಳು ಮರಿಮಕ್ಕಳ ಮುಂದೆ. ನೀಲಗಂಗಾಳ ಬಾಯಿಗೆ "ಆಗಲಿ" ಎಂಬುದು ಬಂದೇಬಿಟ್ಟಿತ್ತು.

"ಇಲ್ಲ," ಎಂದಳು. "ನಾನು ಓದೋದಿಲ್ಲ."

"ಯಾಕೆ?"

ಅದು ನಿಮ್ಮಜ್ಜಿಯ ಮಾತು, ನನ್ನದಲ್ಲ ಎನ್ನಬಹುದಿತ್ತು. ಜನ ನಗುತ್ತಾರೆ ಎನ್ನಬಹುದಿತ್ತು. ಎರಡೂ ಪೂರ್ತಿ ನಿಜವೆನಿಸಲಿಲ್ಲ. ಫ್ಲಾಪಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡಳು. ಆ ಸಂಜೆ ಶೈಲಜಾಳಿಗೂ ಫೋನ್ ಮಾಡಿ, ನಾಟಕಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಶೈಲಜಾ ಬಹಳ ಬೇಜಾರು ಮಾಡಿಕೊಂಡು, "ನನ್ನಿಂದ ಏನಾದ್ರೂ ಮಿಸ್ಟೇಕ್ ಆಯ್ತಾ ನೀಲಾ?" ಎಂದು ಮತ್ತೆ ಮತ್ತೆ ಕೇಳಿದಳು. ಇಲ್ಲ ಎಂದು ನೀಲಗಂಗಾ ಮತ್ತೆ ಮತ್ತೆ ಹೇಳಿದಳು.

ಉತ್ಸವದ ಭಾನುವಾರ ಅವಳು ಹೋಗುವುದಿಲ್ಲ ಎಂದಿದ್ದಳು. ಬಸಲಿಂಗಪ್ಪನೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಹತ್ತಿರ ಹೋಗಿ ನಿಂತ. "ನಡಿ. ಮೂರು ತಿಂಗಳ ಆ ಪತ್ರದ ಸುದ್ದಿ ಕೇಳಿ ಕೇಳಿ ಸಾಕಾಗೇತಿ. ಒಂದ ಸಲ ನೋಡೇ ಬಿಡೂಣು."

ಪ್ರಾರ್ಥನೆ ಮುಗಿದು ಜನ ನೆಲಮಾಳಿಗೆಗೆ ಇಳಿದು ಬಂದಾಗ ಇವರಿಬ್ಬರೂ ಕಾಫಿಯ ಮೇಜಿನ ಪಕ್ಕ ನಿಂತಿದ್ದರು. ಕೋಲ್ಮನ್ ದೂರದಿಂದಲೇ ತಲೆಯಾಡಿಸಿದ. ಶಿಫಾರಸಿನ ಮಾತನ್ನು ಅವನೂ ಎತ್ತಿರಲಿಲ್ಲ, ಇವಳೂ ಎತ್ತಿರಲಿಲ್ಲ. ಉದ್ದನೆಯ ಎರಡು ಮೇಜುಗಳ ಮೇಲೆ ಗಾಜು, ಗಾಜಿನ ಕೆಳಗೆ ಪತ್ರಗಳು. ಪಕ್ಕದಲ್ಲಿ ವಿವರಣೆಯ ಚೀಟಿ ಒಂದೂ ಇರಲಿಲ್ಲ.

ಬಂದವರು ಮೊದಲು ನಿಂತೇ ನೋಡಿದರು. ಏನೂ ಹತ್ತಲಿಲ್ಲ. ಒಬ್ಬ ದಢೂತಿ ಮನುಷ್ಯ, ಅವನೇ ಊರಿನ ಮೇಯರ್ ಅಂತೆ, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಬಗ್ಗಿದ. ಪಕ್ಕದವಳು ಕನ್ನಡಕ ತೆಗೆದು ಬಗ್ಗಿದಳು. ಕಣ್ಣಿಗೆ ಅರ್ಥವಾಗದ ಪದವನ್ನು ಅವನು ಬಾಯಲ್ಲಿ ಹೇಳಿ ನೋಡಿದ, ಅವಳು ಇನ್ನೊಂದನ್ನು ಹೇಳಿದಳು. ಅಕ್ಷರಕ್ಕೆ ಅಕ್ಷರ ಸೇರಿಸಿ, ತಡವರಿಸಿ, ಹಿಂದಕ್ಕೆ ಹೋಗಿ ಮತ್ತೆ ಓದುವವರ ಗುಜುಗುಜು ಮೇಜಿನ ಉದ್ದಕ್ಕೂ ಹಬ್ಬಿತು. ಯಾರೋ ಒಬ್ಬರು ನಕ್ಕರು. ಆ ನಗು ಯಾವ ಬಗೆಯದೆಂದು ನೀಲಗಂಗಾಳಿಗೆ ಗೊತ್ತಾಗಲಿಲ್ಲ. ಕೋಲ್ಮನ್ ಎಂಟನೇ ಪತ್ರದ ಮುಂದೆ ಮೊಣಕಾಲೂರಿ ಕುಳಿತಿದ್ದ.

"ಏನಂತ ಬರದಾಳ?" ಎಂದು ಕೇಳಿದ ಬಸಲಿಂಗಪ್ಪ. ಅವಳು ಹೇಳುವ ಮುಂಚೆಯೇ ಕಾಫಿಯ ಕಪ್ಪನ್ನು ಅವಳ ಕೈಗೆ ಕೊಟ್ಟು, ಜಾಗ ಮಾಡಿಕೊಂಡು, ಅವನೂ ಸಾಲಿಗೆ ಸೇರಿ ಬಗ್ಗಿದ.

ಮೇಜಿನ ಆ ತುದಿಯಲ್ಲಿ ಮಿಸ್ ಒಡೆಸ್ಸಾ ಇದ್ದರು. ಪೊರೆ ಬಂದ ಕಣ್ಣುಗಳನ್ನು ಗಾಜಿಗೆ ಒತ್ತುವಷ್ಟು ಹತ್ತಿರ ತಂದಿದ್ದರು. ಅವರ ಉಸಿರಿಗೆ ಗಾಜು ಮಂಜಾಗುತ್ತಿತ್ತು. ತೋಳಿನಿಂದ ಅದನ್ನು ಒರೆಸುವರು, ಒಂದು ಪದ ಓದುವರು, ಗಾಜು ಮತ್ತೆ ಮಂಜಾಗುವುದು, ಮತ್ತೆ ಒರೆಸುವರು.